ಹದಿನೇಳನೆಯ ಪುಟದ ಎಡದಾರಿ

ಇಟಲಿಯ ಪೊಲೀಸರ ಮೊಹರು ಬಿದ್ದ ಪೊಟ್ಟಣ ಊಟದ ಮೇಜಿನ ಮೇಲೆ ಬಂದು ಕೂತು ವಾರವಾಗಿತ್ತು. ಆಂಥನಿ ಅದರ ಪಕ್ಕದಲ್ಲೇ ತಟ್ಟೆಯಿಟ್ಟುಕೊಂಡು ಏಳು ದಿನ ಊಟ ಮಾಡಿದ್ದ. ಬಿಚ್ಚಿರಲಿಲ್ಲ.

"ನೀವೇ ಬಿಚ್ಚಿ ಡಾಕ್ಟ್ರೇ," ಎಂದು ಅವನು ಕತ್ತರಿಯನ್ನು ಪದ್ಮಿನಿಯ ಕಡೆ ಸರಿಸಿದ. "ನನ್ನಿಂದ ಆಗುವುದಿಲ್ಲ ಇದು."

ಪದ್ಮಿನಿ ಬಿಚ್ಚಿದಳು. ಒಳಗಿದ್ದದ್ದು ತೆರೇಸಾಳ ಬೆನ್ನುಚೀಲ. ಹನ್ನೊಂದು ತಿಂಗಳ ಹಿಂದೆ, ಇಟಲಿಯ ಬೆಟ್ಟಗಳ ನಡುವಿನ ಎಂಟು ದಿನದ ಕಾಲ್ನಡಿಗೆಯಲ್ಲಿ, ನಾಲ್ಕನೆಯ ದಿನ, ಪಾಳುಬಿದ್ದ ಕಲ್ಲುಗಣಿಯೊಳಗೆ ಬಿದ್ದು ಸತ್ತಾಗ ಆಂಥನಿಯ ಹೆಂಡತಿಯ ಹೆಗಲಲ್ಲಿದ್ದದ್ದು ಇದೇ ಚೀಲ.

ಮೈಸೂರಿನಿಂದ ಬಂದ ಪದ್ಮಿನಿ ಸಿಡ್ನಿಯ ಆಸ್ಪತ್ರೆಯೊಂದರಲ್ಲಿ ಮೂವತ್ತು ವರ್ಷ ಪೆಥಾಲಜಿಸ್ಟ್ ಆಗಿದ್ದವಳು. ಮಂಗಳೂರಿನ ತೆರೇಸಾ ಅದೇ ಆಸ್ಪತ್ರೆಯ ಆಪರೇಷನ್ ಥಿಯೇಟರಿನ ನರ್ಸ್. ಇಬ್ಬರೂ ಇಪ್ಪತ್ತು ವರ್ಷ ಭಾನುವಾರ ತಪ್ಪಿಸದೆ ಸಿಡ್ನಿಯ ಪಶ್ಚಿಮಕ್ಕಿರುವ ಕಟೂಂಬಾದ ಬೆಟ್ಟ ಹತ್ತಿದವರು. ಇಟಲಿಗೂ ಜೊತೆಯಾಗಿಯೇ ಹೊರಟಿದ್ದರು. ಮೂರು ದಿನ ಮೊದಲು ಪದ್ಮಿನಿಯ ಮಂಡಿ ಊದಿಕೊಂಡಿತು. ತೆರೇಸಾ ಒಬ್ಬಳೇ ಹೋದಳು.

ಟೋಪಿ, ನೀರಿನ ಬಾಟಲಿ, ಜಪಮಾಲೆ. ಇವನ್ನೆಲ್ಲ ಆಂಥನಿ ಒಂದೊಂದಾಗಿ ಮುಟ್ಟಿ ನೋಡಿ ಪಕ್ಕಕ್ಕಿಟ್ಟ. ಕಡೆಗೆ ಬಂದದ್ದು ಪ್ಲಾಸ್ಟಿಕ್ ಕವರಿನೊಳಗಿನ ಒಂದು ಚಿಕ್ಕ ಪುಸ್ತಕ, ಸುರುಳಿ ತಂತಿಯ ಬೈಂಡಿಂಗಿನದು. ಅದನ್ನು ಪದ್ಮಿನಿ ಯಾರಿಗೂ ಕೊಡದೆ ತನ್ನ ಮುಂದೆ ಎಳೆದುಕೊಂಡಳು.

ಆ ಬಗೆಯ ನಡಿಗೆಯಲ್ಲಿ ಜೊತೆಗೆ ಗೈಡ್ ಬರುವುದಿಲ್ಲ. ಸಾಮಾನನ್ನು ವ್ಯಾನು ಮುಂದಿನ ಊರಿಗೆ ಮುಟ್ಟಿಸುತ್ತದೆ. ನಡೆಯುವವರು ಕೈಯಲ್ಲಿ ಪುಸ್ತಕ ಹಿಡಿದು ತಮ್ಮ ಪಾಡಿಗೆ ತಾವು ನಡೆಯುತ್ತಾರೆ. ದ್ರಾಕ್ಷಿತೋಟ ದಾಟಿದ ಮೇಲೆ ಬಲಕ್ಕೆ, ಕಲ್ಲುಬಾವಿಯ ಬಳಿ ನೇರ, ಓಕ್ ಕಾಡು ಮುಗಿದ ಕೂಡಲೇ ಎದುರಿಗೆ ಏಳುನೂರು ವರ್ಷದ ಕೋಟೆಯೂರಿನ ಬಾಗಿಲು, ಹೀಗೆ ಒಂದೊಂದು ಹೆಜ್ಜೆಯೂ ಅದರಲ್ಲಿ ಬರೆದಿರುತ್ತದೆ.

ತೆರೇಸಾಳಿಗೆ ಒಂದು ಅಭ್ಯಾಸವಿತ್ತು. ಥಿಯೇಟರಿನಲ್ಲಿ ಹತ್ತಿ, ಕತ್ತರಿ, ಸೂಜಿ ಎಣಿಸಿ ಪಟ್ಟಿಯಲ್ಲಿ ಗುರುತು ಹಾಕುತ್ತಿದ್ದಂತೆ, ನಡೆಯುವಾಗಲೂ ಮುಗಿಸಿದ ಪ್ರತಿ ಸಾಲಿನ ಪಕ್ಕ ಪೆನ್ಸಿಲಿನಲ್ಲಿ ಟಿಕ್ ಹಾಕುತ್ತಿದ್ದಳು. ಪದ್ಮಿನಿ ಪುಟ ತಿರುವಿದಳು. ಮೊದಲ ಹದಿನೈದು ಪುಟಗಳಲ್ಲಿ ಒಂದು ಗುರುತೂ ಇರಲಿಲ್ಲ. ಅದು ಅವಳಿಗೆ ವಿಚಿತ್ರವಾಗಿ ಕಂಡಿತು. ಹದಿನಾರನೆಯದರಲ್ಲಿ ಟಿಕ್‌ಗಳು ಶುರುವಾಗಿದ್ದವು. ಹದಿನೇಳನೆಯದರಲ್ಲಿ ಆರು ಸಾಲುಗಳಿಗೆ ಟಿಕ್ ಬಿದ್ದಿತ್ತು. ಆಮೇಲೆ ಖಾಲಿ.

ಆರನೆಯ ಸಾಲನ್ನು ಅವಳು ಎರಡು ಸಲ ಓದಿಕೊಂಡಳು. ಅಕ್ರೋಟು ಮರದ ಬಳಿ ದಾರಿ ಕವಲೊಡೆಯುತ್ತದೆ. ಎಡಕ್ಕೆ ತಿರುಗಿ ಕಾಡಿನೊಳಗೆ ಇಳಿಯಿರಿ. ತಂತಿಬೇಲಿ ಮುರಿದಿದೆ, ದಾಟಿಕೊಂಡು ಮುಂದೆ ಹೋಗಿ.

"ಪ್ರವಾಸ ಕಂಪನಿಯವರ ರಿಪೋರ್ಟಿನಲ್ಲಿ ಏನಂತ ಇತ್ತು ಆಂಥನಿ?"

ಅವನಿಗೆ ಅದು ಬಾಯಿಪಾಠವಾಗಿತ್ತು. ಶ್ರೀಮತಿ ತೆರೇಸಾ ಅವರು ಸೂಚನೆಯನ್ನು ಮೀರಿ, ಫೋಟೋ ತೆಗೆಯುವ ಉದ್ದೇಶದಿಂದ, ಸ್ವಇಚ್ಛೆಯಿಂದ ಹಾದಿ ಬಿಟ್ಟು ಹೋಗಿದ್ದರು. ಹೇಳಿ ಮುಗಿಸಿದ ಮೇಲೆ ಅವನು ಪದ್ಮಿನಿಯ ಬೆರಳಿದ್ದ ಸಾಲನ್ನು ಬಗ್ಗಿ ಓದಿದ.

"ಹಾಗಾದರೆ ಅವಳು ಹಾದಿ ಬಿಡಲಿಲ್ಲ."

"ಇಲ್ಲ. ಬರೆದ ಹಾಗೇ ನಡೆದಳು."

ಪಶ್ಚಿಮ ಸಿಡ್ನಿಯಲ್ಲಿ ಇಪ್ಪತ್ತೆರಡು ವರ್ಷ ಬಸ್ಸು ಓಡಿಸಿದ ಮನುಷ್ಯ ಅವನು. ಅವನ ದನಿ ಏರಿದ್ದನ್ನು ಬ್ಲ್ಯಾಕ್‌ಟೌನಿನ ಆ ಬೀದಿಯಲ್ಲಿ ಯಾರೂ ಕೇಳಿರಲಿಲ್ಲ. ಈಗಲೂ ಏರಲಿಲ್ಲ.

"ನಾನು ಅವಳಿಗೆ ಬೈದಿದ್ದೇನೆ ಡಾಕ್ಟ್ರೇ. ಹನ್ನೊಂದು ತಿಂಗಳು. ಸಮಾಧಿಗೆ ಹೂ ಇಡುವಾಗ ಸಹ ಬೈದಿದ್ದೇನೆ. ಹೇಳಿದ್ದು ಕೇಳದೆ ಹೋಗಿ ಸತ್ತೆಯಲ್ಲ, ನಿನ್ನ ಹಟಕ್ಕೆ ನಾನು ಒಬ್ಬನೇ ಆದೆನಲ್ಲ ಅಂತ."

ಪದ್ಮಿನಿಗೆ ಮೈಯೆಲ್ಲ ಉರಿದುಹೋಯಿತು. ಸತ್ತವಳ ಮೇಲೆ ತಪ್ಪು ಹೊರಿಸಿ ಕೈತೊಳೆದುಕೊಂಡವರ ಮೇಲೆ, ಅದನ್ನು ನಂಬಿದ ತಮ್ಮೆಲ್ಲರ ಮೇಲೆ. ಅವಳು ಪುಸ್ತಕವನ್ನು ಕಿಟಕಿಯ ಬೆಳಕಿಗೆ ಹಿಡಿದಳು. ಹದಿನೇಳನೆಯ ಪುಟದ ಹಾಳೆ ಉಳಿದವುಗಳಿಗಿಂತ ಬಿಳಿಯಾಗಿತ್ತು, ಒಂದಿಷ್ಟು ದಪ್ಪವಾಗಿತ್ತು. ಅಂಚಿನ ತೂತುಗಳು ತಂತಿಗೆ ಸರಿಯಾಗಿ ಕೂತಿರಲಿಲ್ಲ. ಒಂದೆರಡು ಹರಿದಿದ್ದವು. ಯಾರೋ ಹಳೆಯ ಹಾಳೆ ಕಿತ್ತು ಇದನ್ನು ಸೇರಿಸಿದ್ದರು.

ಅವಳು ಪುಸ್ತಕದ ಒಂದೊಂದು ಪುಟದ ಫೋಟೋವನ್ನೂ ಫೋನಿನಲ್ಲಿ ತೆಗೆದುಕೊಂಡಳು, ಹಿಂಬದಿಯ ರಟ್ಟನ್ನೂ ಬಿಡಲಿಲ್ಲ. ಪುಸ್ತಕವನ್ನು ಆಂಥನಿಯ ಕೈಗೇ ಕೊಟ್ಟು, ಪೊಲೀಸರಿಗೆ ಒಪ್ಪಿಸುವ ತನಕ ಇದು ಈ ಮನೆಯಿಂದ ಆಚೆ ಹೋಗಬಾರದು ಎಂದು ಹೇಳಿ ಹೊರಟಳು.

ಮರುದಿನ ಮಧ್ಯಾಹ್ನ ಮ್ಯಾಕ್ವೆರಿ ಪಾರ್ಕಿನ ಔಷಧ ಕಂಪನಿಯೊಂದರ ಕಾರ್ ಪಾರ್ಕಿನಲ್ಲಿ, ಅಲ್ಲೇ ಕೆಲಸ ಮಾಡುವ ರೊವೀನಾ ಸಿಕ್ಕಳು. ಇಟಲಿಗೆ ಹೋಗಿದ್ದ ಹದಿಮೂರು ಜನರಲ್ಲಿ ಅವಳೂ ಒಬ್ಬಳು. ತನ್ನ ಪುಸ್ತಕವನ್ನು ಇನ್ನೂ ಇಟ್ಟುಕೊಂಡಿದ್ದಳು. ಹದಿನೇಳನೆಯ ಪುಟದ ಆರನೆಯ ಸಾಲು ಅದರಲ್ಲಿ ಬೇರೆಯೇ ಇತ್ತು. ಅಕ್ರೋಟು ಮರದ ಬಳಿ ಬಲಕ್ಕೆ ತಿರುಗಿ, ದ್ರಾಕ್ಷಿತೋಟದ ಅಂಚು ಹಿಡಿದು ಊರಬಾಗಿಲಿಗೆ ಹತ್ತಿ. ಎಡಕ್ಕೆ, ಮುರಿದ ತಂತಿಬೇಲಿಯಾಚೆ ಹಳೆಯ ಕಲ್ಲುಗಣಿಯಿದೆ, ಆ ಕಡೆ ಹೋಗಲೇಬೇಡಿ.

ಅಂದು ತಾನು ಮುಂದಿನ ಗುಂಪಿನಲ್ಲಿ ನಡೆಯುತ್ತಿದ್ದೆ ಎಂದಳು ರೊವೀನಾ. ತೆರೇಸಾ ಆಂಟಿ ನಿಧಾನ, ಹಿಂದೆ ಒಬ್ಬರೇ ಬರುತ್ತಿದ್ದರು. ರಿಪೋರ್ಟಿಗೆ ಎಲ್ಲರೂ ಸಹಿ ಹಾಕಿದೆವು, ವ್ಯಾನಿನಲ್ಲಿ ಕೂತು, ಪ್ರವಾಸ ನಡೆಸುವ ಗೋಪೀನಾಥ್ ಸರ್ ಬೇಗ ಹಾಕಿ ಅಂದರು, ವಿಮಾನಕ್ಕೆ ಹೊತ್ತಾಗಿತ್ತು. ಓದಿದಿರಾ ಎಂದು ಪದ್ಮಿನಿ ಕೇಳಿದ್ದಕ್ಕೆ ಅವಳು ತಲೆ ತಗ್ಗಿಸಿದಳು. ಪದ್ಮಿನಿ ಪುಸ್ತಕವನ್ನು ಇಸಿದುಕೊಂಡು, ಬರುತ್ತೇನೆ ಎಂದೂ ಹೇಳದೆ ನಡೆದುಬಿಟ್ಟಳು.

ರಾತ್ರಿ ಎಪ್ಪಿಂಗಿನ ತಮ್ಮ ಅಪಾರ್ಟ್‌ಮೆಂಟಿನಲ್ಲಿ ಊಟಕ್ಕೆ ಕೂತಾಗ ಗಂಡ ವೆಂಕಟರಾಮನಿಗೆ ಎಲ್ಲವನ್ನೂ ಹೇಳಿದಳು. ಅವನು ಕಾಲೇಜಿನಲ್ಲಿ ಇಂಜಿನಿಯರಿಂಗ್ ಪಾಠ ಮಾಡಿ ನಿವೃತ್ತನಾದವನು, ಮಾತು ಕಡಿಮೆ. ಅನ್ನಕ್ಕೆ ಮೊಸರು ಕಲಸುತ್ತಾ ಪೂರ್ತಿ ಕೇಳಿಸಿಕೊಂಡ. ತೆರೇಸಾಳ ಪುಸ್ತಕ ಎಲ್ಲಿದೆ ಎಂದು ಕೇಳಿದ. ಆಂಥನಿಯ ಹತ್ತಿರವೇ ಇದೆ ಎಂದಳು. ಆಮೇಲೆ ಅವನು, ಪದ್ದು, ಆ ಮನುಷ್ಯ ಈಗಷ್ಟೇ ಸುಧಾರಿಸಿಕೊಳ್ಳುತ್ತಿದ್ದಾನೆ, ಮತ್ತೆ ಕೆದಕಬೇಡ ಎಂದ. ಪದ್ಮಿನಿಗೆ ಅದೂ ಸಿಟ್ಟು ತರಿಸಿತು. ಶನಿವಾರ ಮೆಲ್ಬರ್ನಿಗೆ ಹೋಗಿ ಗೋಪೀನಾಥನನ್ನು ಎದುರಿಗೇ ಕೇಳುತ್ತೇನೆ ಎಂದಳು. ಸರಿ, ವಿಮಾನ ನಿಲ್ದಾಣಕ್ಕೆ ನಾನೇ ಬಿಡುತ್ತೇನೆ ಎಂದ ವೆಂಕಟರಾಮ. ಬಿಟ್ಟ ಕೂಡ.

ಗೋಪೀನಾಥನ ಊರು ಮೆಲ್ಬರ್ನ್. ವರ್ಷಕ್ಕೊಮ್ಮೆ ಜನರನ್ನು ಇಟಲಿಗೆ ಕರೆದೊಯ್ಯುತ್ತಿದ್ದ. ಉಳಿದ ಶನಿವಾರಗಳಲ್ಲಿ ಅಲ್ಲೇ ಹತ್ತಿರದ ಯಾರಾ ಕಣಿವೆಯ ದ್ರಾಕ್ಷಿತೋಟಗಳ ನಡುವೆ ಅರ್ಧ ದಿನದ ನಡಿಗೆ ನಡೆಸುತ್ತಿದ್ದ. ಅವನ ಜೊತೆ ಪದ್ಮಿನಿಯ ವ್ಯವಹಾರವೆಲ್ಲ ಇಮೇಲಿನಲ್ಲೇ ಮುಗಿದಿತ್ತು. ಮುಖ ಕಂಡಿರಲಿಲ್ಲ. ಅವಳು ತನ್ನ ತವರಿನ ಹೆಸರು ಕೊಟ್ಟು ಅಂದಿನ ನಡಿಗೆಗೆ ಬುಕ್ ಮಾಡಿದ್ದಳು.

ಆಗಸ್ಟಿನ ಕೊನೆ. ಕಣಿವೆಯಲ್ಲಿ ಮಂಜು ಇನ್ನೂ ಕರಗಿರಲಿಲ್ಲ. ಬಳ್ಳಿಗಳನ್ನು ಸವರಿ ಮೋಟು ಮಾಡಿದ್ದರು. ಸಾಲುಸಾಲಾಗಿ ಕಪ್ಪು ಗೂಟಗಳು ಗುಡ್ಡದ ಮೇಲಕ್ಕೆ ಹತ್ತಿದ್ದವು. ಬೇಲಿಯುದ್ದಕ್ಕೂ ವಾಟಲ್ ಮರಗಳು ಹಳದಿ ಹೂ ಬಿಟ್ಟಿದ್ದವು. ಎಂಟು ಜನ ನಡೆದರು. ಐವತ್ತು ದಾಟಿದ ಗೋಪೀನಾಥ ಅಗಲ ಟೋಪಿ ಹಾಕಿಕೊಂಡು ಮುಂದೆ ನಡೆಯುತ್ತಿದ್ದ. ಮಣ್ಣಿನ ಬಗ್ಗೆ, ಬಿಸಿಲಿನ ಬಗ್ಗೆ, ಮುಂದಿನ ತಿಂಗಳ ಇಟಲಿ ಪ್ರಯಾಣದಲ್ಲಿ ಇನ್ನೂ ಖಾಲಿಯಿರುವ ಎರಡು ಜಾಗಗಳ ಬಗ್ಗೆ ನಗುನಗುತ್ತಾ ಹೇಳುತ್ತಿದ್ದ.

ಬೆಟ್ಟದ ಮೇಲಿನ ಕಲ್ಲಿನ ಊರುಗಳನ್ನು ನೀವು ನೋಡಲೇಬೇಕು, ಕಾಲ ಅಲ್ಲಿ ನಿಂತುಬಿಟ್ಟಿದೆ, ಎಂದು ಅವನು ಒಬ್ಬ ಮುದುಕಿಗೆ ಹೇಳಿದ್ದು ಕೇಳಿ ಪದ್ಮಿನಿ ಹಲ್ಲು ಕಚ್ಚಿಕೊಂಡಳು. ಎರಡು ಗಂಟೆ ಆ ಮಾತು ಕೇಳಿಕೊಂಡೇ ನಡೆದಳು.

ನಡಿಗೆ ಮುಗಿದು ಉಳಿದವರು ವೈನ್ ರುಚಿ ನೋಡಲು ಒಳಗೆ ಹೋದರು. ಪದ್ಮಿನಿ ಕೊನೆಯ ಸಾಲಿನ ಬಳಿ ಅವನನ್ನು ನಿಲ್ಲಿಸಿ ಫೋನನ್ನು ಮುಖಕ್ಕೆ ಹಿಡಿದಳು.

"ಈ ಪುಟ ಓದಿ. ಆರನೇ ಸಾಲು."

ಅವನು ಓದಿದ. ಮುಖದ ಮೇಲಿನ ನಗು ಇಳಿಯಲು ಸ್ವಲ್ಪ ಹೊತ್ತು ಹಿಡಿಯಿತು.

"ಆಂಟಿ, ಆ ವಿಷಯ ಮುಗಿದುಹೋಗಿದೆ. ರಿಪೋರ್ಟ್ ಆಗಿದೆ. ಪೊಲೀಸರೂ ಕ್ಲೋಸ್ ಮಾಡಿದ್ದಾರೆ."

"ಆಂಟಿ ಅನ್ನಬೇಡಿ. ಹಾದಿ ಬಿಟ್ಟು ಹೋದಳು ಅಂತ ಬರೆದವರು ಯಾರು?"

"ನಾನೇ."

"ಅವಳು ಎಡಕ್ಕೆ ಹೋಗಿದ್ದು ಪುಸ್ತಕದಲ್ಲಿ ಹಾಗಿದ್ದದ್ದಕ್ಕೆ ಅಂತ ನಿಮಗೆ ಯಾವಾಗ ಗೊತ್ತಾಯ್ತು?"

ಅವನು ವೈನಿನ ಕಟ್ಟಡದ ಕಡೆ ನೋಡಿದ. ಪದ್ಮಿನಿ ಅಡ್ಡ ನಿಂತಳು. ಒಳಗೆ ಹೋಗಿ ಎಲ್ಲರ ಮುಂದೆ ಇದನ್ನು ಓದುತ್ತೇನೆ, ಮುಂದಿನ ತಿಂಗಳು ಇಟಲಿಗೆ ಹೊರಟವರ ಮನೆಗೂ ಫೋನ್ ಮಾಡುತ್ತೇನೆ ಎಂದಳು. ಅವಳು ಹಾಗೆ ಮಾಡಿಯೇ ಮಾಡುತ್ತಾಳೆ ಎಂಬುದು ಅವನಿಗೆ ಅವಳ ಮುಖದಲ್ಲೇ ಕಂಡಿರಬೇಕು. ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡ.

"ಅವತ್ತೇ ಗೊತ್ತಾಯ್ತು," ಎಂದ.

ಅಂದು ಸಂಜೆ ಎಲ್ಲರೂ ಊರು ಸೇರಿದರೂ ತೆರೇಸಾ ಬಂದಿರಲಿಲ್ಲ. ಗೋಪೀನಾಥ ವ್ಯಾನಿನ ಡ್ರೈವರ್ ಜೊತೆ ಹುಡುಕಿಕೊಂಡು ಹೋದ. ಮುರಿದ ಬೇಲಿಯ ಬಳಿ ಅವಳ ಊರುಗೋಲು ಬಿದ್ದಿತ್ತು. ಗಣಿಗೆ ಇಳಿದು ನಾಡಿ ನೋಡಿದ, ಏನೂ ಉಳಿದಿರಲಿಲ್ಲ. ಪುಸ್ತಕ ಅವಳ ಕೈಯ ಪಕ್ಕದಲ್ಲೇ ತೆರೆದುಕೊಂಡಿತ್ತು. ಎಡಕ್ಕೆ ಎಂದು ಅದರಲ್ಲಿ ಓದಿದ. ತನ್ನದೇ ಮುದ್ರಣದ ತಪ್ಪು ಅಂದುಕೊಂಡ. ಪುಸ್ತಕವನ್ನು ಜೇಬಿಗೆ ಹಾಕಿಕೊಳ್ಳಲು ನೋಡಿದ. ಡ್ರೈವರ್ ಮೇಲಿನಿಂದ ನೋಡುತ್ತಿದ್ದ. ಅದಕ್ಕೇ ಅವಳ ಚೀಲದೊಳಗೆ ಹಾಕಿಬಿಟ್ಟ. ಇಟಲಿಯ ಪೊಲೀಸರು ಅದನ್ನು ಬೇರೆ ಪುಸ್ತಕಗಳ ಪಕ್ಕ ಇಟ್ಟು ಓದಲಿಲ್ಲ.

"ಆಮೇಲೆ ಸತ್ತವಳ ಮೇಲೆ ಹಾಕಿದಿರಿ."

"ಹೆದರಿಬಿಟ್ಟೆ."

"ನೀವು ಹೆದರಿದ್ದಕ್ಕೆ ಅವಳ ಗಂಡ ಹನ್ನೊಂದು ತಿಂಗಳು ಅವಳ ಸಮಾಧಿ ಮುಂದೆ ನಿಂತು ಅವಳಿಗೇ ಬೈದಿದ್ದಾನೆ. ಅದನ್ನ ಹೇಗೆ ವಾಪಸ್ ತಗೋತೀರಿ?"

ಮನೆಗೆ ಬಂದು ಕಂಪ್ಯೂಟರಿನಲ್ಲಿ ನೋಡಿದೆ ಎಂದ ಗೋಪೀನಾಥ. ಅಲ್ಲಿ ಬಲಕ್ಕೆ ಎಂದೇ ಇತ್ತು. ಉಳಿದವರ ಪುಸ್ತಕಗಳಲ್ಲೂ ಬಲಕ್ಕೆ. ಆ ಒಂದು ಪುಸ್ತಕದಲ್ಲಿ ಮಾತ್ರ ಎಡಕ್ಕೆ ಹೇಗೆ ಬಂತೋ ಇವತ್ತಿಗೂ ಗೊತ್ತಿಲ್ಲ ಎಂದ. ಅದೂ ತೆರೇಸಾ ಅವರದ್ದಲ್ಲದ ಪುಸ್ತಕದಲ್ಲಿ.

"ಅವಳದ್ದಲ್ಲದ ಅಂದರೆ?"

ಮೂರನೆಯ ದಿನ ದಾರಿಯಲ್ಲಿ ಮಳೆ ಹೊಡೆದಿತ್ತು. ತೆರೇಸಾಳ ಪುಸ್ತಕ ನೆಂದು ಮುದ್ದೆಯಾಗಿತ್ತು. ರಾತ್ರಿ ಅವಳು ಬೇರೆ ಕೇಳಿದಾಗ ತನ್ನ ಹತ್ತಿರ ಒಂದೇ ಒಂದು ಹೆಚ್ಚಿನದಿತ್ತು, ಅದನ್ನು ಕೊಟ್ಟೆ, ಎಂದ ಗೋಪೀನಾಥ. ಮೊದಲ ಹದಿನೈದು ಪುಟ ಖಾಲಿಯಿದ್ದದ್ದು ಯಾಕೆ ಎಂದು ಪದ್ಮಿನಿಗೆ ಆಗ ಅರ್ಥವಾಯಿತು. ಆ ದಿನಗಳ ಟಿಕ್‌ಗಳೆಲ್ಲ ನೆಂದ ಪುಸ್ತಕದಲ್ಲಿದ್ದವು.

"ಹೆಚ್ಚಿನದು ನಿಮ್ಮ ಹತ್ತಿರ ಹೇಗೆ ಬಂತು?"

"ಸಿಡ್ನಿಯವರೊಬ್ಬರು ಕೊನೇ ಗಳಿಗೆಲಿ ಕ್ಯಾನ್ಸಲ್ ಮಾಡಿದ್ರು. ಅವರ ಪುಸ್ತಕ ಅದು. ಅವರೂ ಒಬ್ಬ ಡಾಕ್ಟ್ರು, ಪದ್ಮಿನಿ ವೆಂಕಟರಾಮ್ ಅಂತ."

ಎಲ್ಲಿಂದಲೋ ಕಾಕಟೂ ಹಕ್ಕಿಗಳ ಗುಂಪೊಂದು ಅರಚುತ್ತಾ ಬಳ್ಳಿಸಾಲಿನ ಮೇಲೆ ಹಾದುಹೋಯಿತು. ಅದು ದೂರವಾಗುವ ತನಕ ಪದ್ಮಿನಿ ಕಾದಳು.

"ನಾನೇ ಪದ್ಮಿನಿ ವೆಂಕಟರಾಮ್."

ಗೋಪೀನಾಥ ಒಂದು ಹೆಜ್ಜೆ ಹಿಂದೆ ಸರಿದ. ಅವಳೇ ಅಪರಾಧಿ ಎಂಬಂತೆ ಅವಳನ್ನು ನೋಡಿದ.

"ಹಾಗಿದ್ರೆ ನೀವೇ ಹೇಳಬೇಕು ಮೇಡಂ. ಆ ಪುಟ ನಿಮ್ಮನೇಲಿ ಹೇಗೆ ಬದಲಾಯ್ತು?"

ಅವನು ತನ್ನ ಫೋನಿನಲ್ಲಿದ್ದ ಹಳೆಯ ಪಟ್ಟಿ ತೆಗೆದು ತೋರಿಸಿದ. ಪ್ರಯಾಣಕ್ಕೆ ಒಂದು ತಿಂಗಳು ಮೊದಲೇ ಹದಿನಾಲ್ಕು ಪುಸ್ತಕಗಳನ್ನು ಅಂಚೆಯಲ್ಲಿ ಅವರವರ ಮನೆಗೆ ಕಳಿಸಿದ್ದ. ಓದಿಕೊಂಡು ಬರಲಿ ಎಂದು. ಪ್ರತಿಯೊಂದರ ಹಿಂಬದಿಯ ರಟ್ಟಿನಲ್ಲಿ ನೀಲಿ ಶಾಯಿಯ ಸಂಖ್ಯೆ. ನಾಲ್ಕು, ತೆರೇಸಾ. ಒಂಬತ್ತು, ಪದ್ಮಿನಿ. ಅವಳು ಬ್ಲ್ಯಾಕ್‌ಟೌನಿನಲ್ಲಿ ತೆಗೆದ ಕೊನೆಯ ಫೋಟೋವನ್ನು ಹುಡುಕಿ ದೊಡ್ಡದು ಮಾಡಿ ನೋಡಿದಳು. ರಟ್ಟಿನ ಮೂಲೆಯಲ್ಲಿ ನೀಲಿ ಒಂಬತ್ತು ಇತ್ತು.

ಪುಸ್ತಕ ಬಂದದ್ದು ಅವಳಿಗೆ ನೆನಪಿತ್ತು. ಮೊದಲ ದಿನದ ದಾರಿಯನ್ನು ಓದಿ ಖುಷಿಪಟ್ಟು, ಓದುವ ಕೋಣೆಯ ಕಪಾಟಿನಲ್ಲಿಟ್ಟಿದ್ದಳು. ಮಂಡಿ ಊದಿಕೊಂಡ ಮೇಲೆ ಅದನ್ನು ಮತ್ತೆ ನೋಡುವ ಮನಸ್ಸಾಗಿರಲಿಲ್ಲ. ಎಸೆದಿರಬೇಕು ಅಂದುಕೊಂಡಿದ್ದಳು.

"ಇದನ್ನು ನಿಮ್ಮ ಕೈಗೆ ವಾಪಸ್ ಕೊಟ್ಟವರು ಯಾರು?" ಎಂದು ಅವಳು ಕೇಳಿದಳು. ಉತ್ತರ ಗೊತ್ತಿದ್ದೂ ಕೇಳಿದಳು.

"ನಿಮ್ಮ ಯಜಮಾನ್ರು. ಸಿಡ್ನಿ ಏರ್‌ಪೋರ್ಟ್‌ನಲ್ಲಿ. ತೆರೇಸಾ ಅವರನ್ನ ಬಿಡೋಕೆ ಬಂದಿದ್ರಲ್ಲ. ನನ್ನ ಹೆಂಡತಿ ಬರ್ತಿಲ್ಲ, ಯಾರಿಗಾದ್ರೂ ಬೇಕಾಗಬಹುದು, ಇಟ್ಕೊಂಡಿರಿ ಅಂದ್ರು."

ಆ ಮನೆಯಲ್ಲಿರುವವರು ಇಬ್ಬರೇ. ಅವಳು ಮತ್ತು ಅವನು. ನಲವತ್ತೊಂದು ವರ್ಷದಿಂದ ಅವರಿಬ್ಬರೇ. ಆ ಸಾಲನ್ನು ಯಾರೇ ಬರೆದಿರಲಿ, ಬರೆದದ್ದು ಪದ್ಮಿನಿ ಎಡಕ್ಕೆ ತಿರುಗಲಿ ಎಂದು. ತೆರೇಸಾ ಪದ್ಮಿನಿಯ ಸಾವನ್ನು ಸತ್ತಿದ್ದಳು.

ಬೆಳಗಿನಿಂದ ಗೋಪೀನಾಥನ ಮೇಲೆ ಕುದಿಯುತ್ತಿದ್ದ ಸಿಟ್ಟು ಈಗ ಎಲ್ಲಿ ನಿಲ್ಲಬೇಕೆಂದು ತಿಳಿಯದೆ ಮೈತುಂಬ ಹರಿದಾಡಿತು. ನನ್ನ ಮನೆಯಲ್ಲಿ, ನಾನು ತಿಂದು ಮಲಗುವ ಮನೆಯಲ್ಲಿ ಕೂತು ಹಾಳೆಗೆ ತೂತು ಹೊಡೆದನಲ್ಲ, ನಾನು ಹೊರಡದಿದ್ದಾಗ ನನ್ನ ಕಣ್ಣಿಗೆ ಬೀಳದಿರಲೆಂದು ಅದನ್ನು ದಾಟಿಸಿಬಿಟ್ಟನಲ್ಲ ಎಂದುಕೊಂಡಳು. ಯಾಕೆ ಎಂಬುದು ಮಾತ್ರ ಅವಳಿಗೆ ಹೊಳೆಯಲಿಲ್ಲ. ಗುರುವಾರ ಊಟದ ಮಧ್ಯೆ ಪುಸ್ತಕ ಎಲ್ಲಿದೆ ಎಂದು ಅವನು ಕೇಳಿದ್ದು, ಯಾರ ಹತ್ತಿರವಿದೆ ಎಂದು ತಾನೇ ಹೇಳಿದ್ದು ನೆನಪಾದಾಗ ತನ್ನ ಮೇಲೇ ರೇಗಿಹೋಯಿತು. ಅವಳು ಆಂಥನಿಗೆ ಫೋನ್ ಮಾಡಿದಳು.

ನಾಲ್ಕು ಸಲ ಗಂಟೆಯಾದ ಮೇಲೆ ಅವನು ಎತ್ತಿದ. ಹಿಂದೆ ಕಾರಿನ ಸದ್ದು ಕೇಳುತ್ತಿತ್ತು.

"ಎಲ್ಲಿದ್ದೀರಿ ಆಂಥನಿ?"

"ಕಟೂಂಬಾ ಮುಟ್ಟಿತು ಡಾಕ್ಟ್ರೇ," ಎಂದ ಅವನು. ಎಷ್ಟೋ ತಿಂಗಳಿಂದ ಇಲ್ಲದ ಹಗುರ ಅವನ ದನಿಯಲ್ಲಿತ್ತು. "ಸರ್ ಬೆಳಿಗ್ಗೆ ಮನೆಗೆ ಬಂದಿದ್ದರು. ನೀವೇ ಕಳಿಸಿದ್ದಂತೆ, ಪುಸ್ತಕ ತೆಗೆದುಕೊಂಡು ಬಾ ಅಂತ. ಕೊಟ್ಟೆ. ಆಮೇಲೆ, ತೆರೇಸಾ ನಡೆಯುತ್ತಿದ್ದ ಬೆಟ್ಟದ ದಾರಿ ಒಂದು ಸಲ ನೋಡಿ ಬರುವ ಅಂದರು. ನನಗೂ ಅವಳ ಹತ್ತಿರ ಕ್ಷಮೆ ಕೇಳಲಿಕ್ಕೆ ಉಂಟಲ್ಲ."

"ಆಂಥನಿ, ನಾನು ಹೇಳೋದು ಕೇಳಿ. ಅವರಿಗೆ ಗೊತ್ತಾಗೋ ಹಾಗೆ ಮಾತಾಡಬೇಡಿ. ಕಾರು ನಿಂತ ಕೂಡಲೇ ಜನ ಇರೋ ಕಡೆ ಹೋಗಿ. ನಡೆಯೋಕೆ ಹೋಗಬೇಡಿ."

"ಎಂತ ಹೇಳಿದ್ದು? ಸರಿ ಕೇಳ್ತಾ ಇಲ್ಲ. ಸರ್ ಹತ್ತಿರ ಕೊಡ್ತೇನೆ."

ಬೇಡ ಎನ್ನುವಷ್ಟರಲ್ಲಿ ಫೋನು ಕೈ ಬದಲಾಗಿತ್ತು. ಕಾರಿನ ಬಾಗಿಲು ತೆರೆದು ಮುಚ್ಚಿದ ಸದ್ದು. ನಂತರ ವೆಂಕಟರಾಮನ ದನಿ, ದಿನಾ ಬೆಳಿಗ್ಗೆ ಕಾಫಿಗೆ ಕರೆಯುವ ಅದೇ ಮೆದು ದನಿ.

"ಇಲ್ಲಿ ಸಿಗ್ನಲ್ ಹೋಗ್ತಾ ಇದೆ ಪದ್ದು. ನಡೆದು ಬಂದ ಮೇಲೆ ಮಾತಾಡ್ತೀನಿ."

ಕರೆ ಕಡಿದುಹೋಯಿತು. ಮತ್ತೆ ಮಾಡಿದಳು. ಇನ್ನೊಮ್ಮೆ ಮಾಡಿದಳು. ಸ್ವಿಚ್ ಆಫ್ ಆಗಿತ್ತು. ವೆಂಕಟರಾಮನ ಫೋನು ಕೂಡ ಹಾಗೇ. ಅವಳಿಗೂ ಆ ಬೆಟ್ಟಕ್ಕೂ ನಡುವೆ ಒಂದು ಇಡೀ ದಿನದ ದಾರಿಯಿತ್ತು.

ಅವಳು ಗೋಪೀನಾಥನ ಕಡೆ ತಿರುಗಿದಳು.

"ಪೊಲೀಸರಿಗೆ ಫೋನ್ ಮಾಡಿ. ಕಟೂಂಬಾ ಅಂತ ಹೇಳಿ, ಬೆಟ್ಟದ ಅಂಚಿನ ದಾರಿಗಳನ್ನೆಲ್ಲ ನೋಡಬೇಕು ಅಂತ ಹೇಳಿ. ನಾನು ಅಲ್ಲಿ ಗೊತ್ತಿರೋರಿಗೆಲ್ಲ ಮಾಡ್ತೀನಿ. ಹನ್ನೊಂದು ತಿಂಗಳು ಬಾಯಿ ಮುಚ್ಚಿಕೊಂಡು ಕೂತಿದ್ದು ಸಾಕು."

ಅವನು ಗಡಬಡಿಸಿ ತುರ್ತು ಕರೆಯ ಮೂರು ಸೊನ್ನೆ ಒತ್ತಿದ. ಆ ಕಡೆಯಿಂದ ಯಾರೋ ಏನೋ ಕೇಳಿದರು. ಅವನು ಫೋನನ್ನು ಎದೆಗೆ ಒತ್ತಿಕೊಂಡು ಪದ್ಮಿನಿಯ ಮುಖ ನೋಡಿದ.

"ಯಾರಿಂದ ಅಪಾಯ ಅಂತ ಕೇಳ್ತಿದ್ದಾರೆ ಮೇಡಂ. ಹೆಸರು ಹೇಳಬೇಕಂತೆ."

ಪದ್ಮಿನಿ ಅವನ ಕೈಯಿಂದ ಫೋನು ಕಿತ್ತುಕೊಂಡು, ತನ್ನ ಗಂಡನ ಹೆಸರನ್ನು ಒಂದೊಂದೇ ಅಕ್ಷರ ಬಿಡಿಸಿ ಹೇಳತೊಡಗಿದಳು.